ಎಫ್ ಕೀಲಿ ಕೈಕೊಟ್ಟಾಗ



ಮೊನ್ನೆ ನಮ್ಮ ಸಂಘದ ವಾರ್ಷಿಕ ವರದಿ ಬರೆಯಲು ಕುಳಿತಿದ್ದೆ. ಎರಡು ಸಾಲು ಮುಗಿದಿತ್ತೋ ಇಲ್ಲವೋ, ತೆರೆಯ ಮೇಲೆ 'ಕನ್ನಡ' ಹೋಗಿ 'ಕನನಡ' ಆಯಿತು. 'ಸಂಘದ ಅಧ್ಯಕ್ಷರು' ಎಂದು ಒತ್ತಿದರೆ 'ಅಧಯಕಷರು' ಬಂದರು! ನೋಡಿದರೆ, ಲ್ಯಾಪ್‌ಟಾಪಿನ ಕೀಲಿಮಣೆಯಲ್ಲಿ ಎಫ್ ಎಂಬ ಒಂದೇ ಒಂದು ಕೀಲಿ ಕೆಟ್ಟಿತ್ತು.

ಇಂಗ್ಲಿಷಿನಲ್ಲಿ ಬರೆಯುವವರಿಗೆ ಎಫ್ ಹೋದರೆ ಇಪ್ಪತ್ತಾರರಲ್ಲಿ ಒಂದು ಅಕ್ಷರ ಹೋಯಿತು, ಅಷ್ಟೇ. ಕನ್ನಡಕ್ಕೆ ಹಾಗಲ್ಲ. ಒಂದು ಕಾಲದಲ್ಲಿ ಮುಂಬಯಿಯಲ್ಲೇ ದುಡಿದ ಕೆ. ಪಿ. ರಾವ್ ಅವರು ರೂಪಿಸಿದ, ಕರ್ನಾಟಕ ಸರ್ಕಾರ ಒಪ್ಪಿಕೊಂಡ ಕೀಲಿಮಣೆ ವಿನ್ಯಾಸದಲ್ಲಿ ಒತ್ತಕ್ಷರ ಮೂಡಿಸುವುದು ಈ ಎಫ್ ಕೀಲಿಯೇ. 'ಕನ್ನಡ' ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯೂ ಒತ್ತಬೇಕು. ಇನ್‌ಸ್ಕ್ರಿಪ್ಟ್ ವಿನ್ಯಾಸ ಬಳಸುವವರಿಗೆ ಆ ಕೆಲಸ ಮಾಡುವುದು ಡಿ ಕೀಲಿ. ಅಪ್ಪ, ಅಮ್ಮ, ಅಣ್ಣ, ಅಕ್ಕ, ಅಜ್ಜ, ಅಜ್ಜಿ - ನಮ್ಮ ಮನೆಮಂದಿಯೆಲ್ಲ ಒತ್ತಕ್ಷರದಲ್ಲೇ ಇದ್ದಾರೆ ನೋಡಿ! ಒಂದು ಕೀಲಿ ಕೆಟ್ಟರೆ ಇಡೀ ಸಂಸಾರವೇ ಮಾಯ.

ಮನೆಗೆ ಬಂದಿದ್ದ ತರುಣನೊಬ್ಬ, "ಅಂಕಲ್, ಹಳೆಯದಾಯ್ತು, ಹೊಸ ಲ್ಯಾಪ್‌ಟಾಪೇ ತಗೊಳ್ಳಿ" ಎಂದ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವುದೇ? ನಿಮಗೂ ಇಂಥ ಸಲಹೆ ಕೊಡುವವರು ಸಿಗುತ್ತಾರೆ. ಅದಕ್ಕೇ ಈ ಸಲ ನನ್ನ ಅನುಭವವನ್ನೇ ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲು ರೋಗ ಯಾವುದೆಂದು ತಿಳಿಯಿರಿ. ಯಂತ್ರವನ್ನು ಪೂರ್ತಿ ಆರಿಸಿ, ಮಗುಚಿ ಹಿಡಿದು, ಮೃದುವಾದ ಬ್ರಷ್‌ನಿಂದ ಧೂಳು ತೆಗೆಯಿರಿ. ಎಷ್ಟೋ ಸಲ ಚಕ್ಕುಲಿಯ ಚೂರೇ ಅಪರಾಧಿ! ಅದರಿಂದಲೂ ಆಗದಿದ್ದರೆ ಹೊರಗಿನ ಯುಎಸ್‌ಬಿ ಕೀಲಿಮಣೆಯೊಂದನ್ನು ಜೋಡಿಸಿ. ಅದರಲ್ಲಿ ಅಕ್ಷರ ಸರಿಯಾಗಿ ಮೂಡಿದರೆ ದೋಷ ಲ್ಯಾಪ್‌ಟಾಪಿನ ಕೀಲಿಮಣೆಯದು. ಅದರಲ್ಲೂ ತಪ್ಪಾದರೆ ಭಾಷೆಯ ಸೆಟ್ಟಿಂಗ್ ಬದಲಾಗಿರಬಹುದು. ಅದಕ್ಕೆ ಖರ್ಚೇ ಇಲ್ಲ. ಕೀಲಿಮಣೆ ನಡುವೆ ಉಬ್ಬಿ ಬಂದಿದ್ದರೆ ಮಾತ್ರ ಎಚ್ಚರ. ಒಳಗಿನ ಬ್ಯಾಟರಿ ಊದಿಕೊಂಡಿರಬಹುದು. ಅದನ್ನು ಅದುಮಬೇಡಿ, ಚಾರ್ಜ್ ಮಾಡಬೇಡಿ, ಬಲ್ಲವರ ಬಳಿಗೆ ಒಯ್ಯಿರಿ. ವಾರಂಟಿ ಇದ್ದರೆ ಕಂಪನಿಯ ಸೇವಾ ಕೇಂದ್ರಕ್ಕೇ ಹೋಗುವುದು ಲೇಸು.

ನನ್ನದರ ವಾರಂಟಿ ಎಂದೋ ಮುಗಿದಿತ್ತು. ತಳಭಾಗದಲ್ಲಿದ್ದ ಮಾಡೆಲ್ ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಂಡು ಗ್ರಾಂಟ್ ರೋಡ್ ನಿಲ್ದಾಣದಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡಿಗೆ ನಡೆದೆ. ಭಡ್ಕಮ್‌ಕರ್ ಮಾರ್ಗವೆಂದು ಹೆಸರು ಬದಲಾದರೂ ಜನರ ಬಾಯಲ್ಲಿ ಹಳೆಯ ಹೆಸರೇ ಉಳಿದಿದೆ. ಅಂಗಡಿಯವನು ಚೀಟಿ ನೋಡಿ ಕೀಲಿಮಣೆಯೊಂದನ್ನು ಕೊಟ್ಟ. ಮನೆಗೆ ತಂದು ಹೋಲಿಸಿದರೆ ಎಂಟರ್ ಕೀಲಿಯ ಆಕಾರವೇ ಬೇರೆ! ನನ್ನದು ಅಡ್ಡಕ್ಕೆ ಮಲಗಿದ ಅಮೆರಿಕನ್ ಮಾದರಿ, ತಂದದ್ದು ಎದ್ದು ನಿಂತ ಬ್ರಿಟಿಷ್ ಮಾದರಿ. ಅಂಗಡಿಯವನನ್ನು ಬೈದು ಫಲವೇನು? ಅರ್ಧ ತಪ್ಪು ನನ್ನದೇ. ಒಂದೇ ಮಾಡೆಲ್‌ಗೆ ಬಗೆಬಗೆಯ ಕೀಲಿಮಣೆಗಳಿರುತ್ತವೆ: ಬೆಳಕು ಇರುವುದು, ಇಲ್ಲದ್ದು, ಚೌಕಟ್ಟು ಇರುವುದು, ಇಲ್ಲದ್ದು. ನಂಬಬೇಕಾದದ್ದು ಕೀಲಿಮಣೆಯ ಬೆನ್ನಿನ ಮೇಲಿರುವ ಪಾರ್ಟ್ ನಂಬರನ್ನು. ಬಳೆ ಇಡಿಸಿಕೊಳ್ಳಲು ಕೈಯನ್ನೇ ಒಯ್ಯುವಂತೆ, ಲ್ಯಾಪ್‌ಟಾಪನ್ನೇ ಒಯ್ಯಿರಿ. ಒಳಗಿರುವ ಬರಹವನ್ನೆಲ್ಲ ಮೊದಲೇ ಬೇರೆಡೆ ಉಳಿಸಿಕೊಳ್ಳಲು ಮರೆಯಬೇಡಿ.

ಎರಡನೆಯ ಸಲ ಹಾಗೆಯೇ ಮಾಡಿದೆ. ರಿಪೇರಿ ಮಾಡುವ ಹುಡುಗ, ನಿಮ್ಮದೇ ವಯಸ್ಸಿನವನು, ಮೊದಲು ಬ್ಯಾಟರಿಯ ಸಂಪರ್ಕ ತಪ್ಪಿಸಿದ. ಸ್ಕ್ರೂಗಳನ್ನು ಯಾವುದು ಎಲ್ಲಿಯದೆಂದು ತಿಳಿಯುವಂತೆ ಕಾಗದದ ಮೇಲೆ ಸಾಲಾಗಿ ಇಟ್ಟ. ಪಟ್ಟಿಯಂಥ ತೆಳು ಕೇಬಲ್ಲಿನ ಪುಟ್ಟ ಚಿಲಕವನ್ನು ಉಗುರಿನಿಂದ ಎತ್ತಿದ ಮೇಲಷ್ಟೇ ಅದನ್ನು ಬಿಡಿಸಿದ. ಎಳೆದರೆ ಆ ಚಿಲಕವೇ ಮುರಿಯುತ್ತದಂತೆ. ಹಳೆಯದರ ಬೆನ್ನಿನ ನಂಬರಿಗೆ ಸರಿಹೊಂದುವ ಹೊಸದನ್ನು ತಂದು ಕೂಡಿಸಿದ. ಈಚಿನ ಕೆಲವು ಲ್ಯಾಪ್‌ಟಾಪುಗಳಲ್ಲಿ ಕೀಲಿಮಣೆಯನ್ನು ಮೇಲುಹೊದಿಕೆಗೇ ಬೆಸೆದಿರುತ್ತಾರೆ. ಅದರ ಖರ್ಚು ಹೆಚ್ಚು. ಆದ್ದರಿಂದ ದರವನ್ನು ಮೊದಲೇ ಕೇಳಿ, ಅಂಗಡಿ ಬಿಡುವ ಮುನ್ನ ಪ್ರತಿಯೊಂದು ಕೀಲಿಯನ್ನೂ ಒತ್ತಿ ನೋಡಿ, ರಸೀದಿ ಪಡೆಯಿರಿ.

"ಒತ್ತಿ ನೋಡಿ ಸಾಬ್" ಎಂದು ಆತ ಯಂತ್ರವನ್ನು ನನ್ನ ಕಡೆ ತಿರುಗಿಸಿದ. ನಾನು 'ಅಮ್ಮ' ಎಂದು ಬರೆದೆ. ಮಕಾರದ ಕೆಳಗೆ ಒತ್ತು ಬಂದು ಕೂತಿತು. "ಇದು ಯಾವ ಭಾಷೆ?" ಎಂದು ಅವನು ಹಿಂದಿಯಲ್ಲಿ ಕೇಳಿದ. ಹೇಳಿದೆ. ಇಂಗ್ಲಿಷ್ ಅಕ್ಷರಗಳಿರುವ ಕೀಲಿಗಳಿಂದಲೇ ಇದು ಬರುತ್ತದೆಂದು ತಿಳಿದು ಅವನಿಗೆ ಅಚ್ಚರಿಯೋ ಅಚ್ಚರಿ.

ಮಿತ್ರರೇ, ನಿಮ್ಮಲ್ಲಿ ಹಲವರಿಗೂ ಇದು ಅಚ್ಚರಿಯೇ ಇರಬಹುದು. ಮನೆಯಲ್ಲಿ ಕನ್ನಡ ಆಡುತ್ತೀರಿ, ಬರೆಯುವಾಗ ಮಾತ್ರ ಅಜ್ಜಿಗೂ ಇಂಗ್ಲಿಷ್ ಲಿಪಿಯಲ್ಲೇ ಸಂದೇಶ ಕಳಿಸುತ್ತೀರಿ. ನಿಮ್ಮ ಎಫ್ ಕೀಲಿ ಕೆಟ್ಟಿಲ್ಲ ತಾನೇ? ಹಾಗಾದರೆ ಒತ್ತಕ್ಷರ ತುಂಬಿದ ನಾಲ್ಕು ಸಾಲು ಬರೆದು ಸಂಪಾದಕರಿಗೆ ಕಳಿಸಿ. ತಪ್ಪಿದ್ದರೆ ತಿದ್ದೋಣ. ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ.