ಮಜ್ಜೆಯಲ್ಲೇ ಮದ್ದಿನ ಮೂಲ

ಕುಸುಮರೋಗ ಎಂದೂ ಕರೆಯುವ ಹಿಮೋಫಿಲಿಯಾ ‘ಎ’ ಇದ್ದವರಲ್ಲಿ ರಕ್ತ ಹೆಪ್ಪುಗಟ್ಟಿಸುವ ಫ್ಯಾಕ್ಟರ್ 8 ಎಂಬ ಪ್ರೋಟೀನ್ ಸಾಕಷ್ಟು ತಯಾರಾಗುವುದಿಲ್ಲ. ಕಾಯಿಲೆ ತೀವ್ರವಾಗಿದ್ದರೆ ಏಟು ಬೀಳದೆಯೂ ಮೊಣಕಾಲಿನ ಕೀಲಿನೊಳಗೆ ರಕ್ತ ತುಂಬಿ ಊದಿಕೊಳ್ಳುತ್ತದೆ. ಮತ್ತೆ ಮತ್ತೆ ಹೀಗಾದರೆ ಕೀಲು ಸವೆದು ಬಿಗಿಯುತ್ತದೆ. ಮಾರ್ಪಡಿಸಿದ ಸಸ್ತನಿ ಕೋಶಗಳನ್ನು ಉಕ್ಕಿನ ತೊಟ್ಟಿಗಳಲ್ಲಿ ಬೆಳೆಸಿ ಆ ಪ್ರೋಟೀನನ್ನು ತೆಗೆಯುವ ವಿದ್ಯೆ 1990ರ ದಶಕದಿಂದಲೇ ಬಳಕೆಯಲ್ಲಿದೆ. ಆದರೆ ಅದರ ಬಲ ದೇಹದಲ್ಲಿ ಬೇಗ ಇಳಿಯುತ್ತದೆ. ತಣ್ಣಗೆ ಕಾಪಿಡಬೇಕಾದ ಈ ಚುಚ್ಚುಮದ್ದು ವಾರಕ್ಕೆ ಎರಡು-ಮೂರು ಸಲ ಬೇಕೆಂದರೆ, ದೇವದುರ್ಗ ಸೀಮೆಯ ಅರಕೇರಾದಂಥ ಊರಿಗೆ ಮದ್ದು ತಲುಪುವುದೇ ದೊಡ್ಡ ಪ್ರಶ್ನೆ. ವೆಲ್ಲೂರಿನ ಸಿಎಂಸಿ ಆಸ್ಪತ್ರೆ ಮತ್ತು ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯ ಅಂಗವಾಗಿ ವೆಲ್ಲೂರಿನಲ್ಲೇ ಇರುವ ಕಾಂಡಕೋಶ ಸಂಶೋಧನಾ ಕೇಂದ್ರ ಹಿಡಿದ ಹಾದಿ ಬೇರೆ: ರೋಗಿಯ ಕಾಂಡಕೋಶಗಳನ್ನೇ ಹೊರತೆಗೆದು, ರೋಗ ತರುವ ಶಕ್ತಿ ಕಳೆದ ಲೆಂಟಿವೈರಸ್ ಮೂಲಕ ಫ್ಯಾಕ್ಟರ್ 8ರ ಜೀನ್ ಸೇರಿಸಿ ಮರಳಿಸುವುದು. ಆ ಜೀನಿನ ಕೆಲ ಭಾಗ ಹಂದಿಯದು. ಅದರಿಂದ ಪ್ರೋಟೀನ್ ಹೆಚ್ಚು ಸ್ರವಿಸುತ್ತದೆ. 2024ರ ಡಿಸೆಂಬರ್‌ನಲ್ಲಿ ಪ್ರಕಟವಾದ ವರದಿಯ ಅವಧಿಯಲ್ಲಿ, ಚಿಕಿತ್ಸೆ ಪಡೆದ ಐವರಲ್ಲೂ ವಾರ್ಷಿಕ ರಕ್ತಸ್ರಾವದ ಪ್ರಮಾಣ ಸೊನ್ನೆಗಿಳಿದಿತ್ತು. ದೊಡ್ಡ ಗೆಲುವೇ ಸರಿ. ಆದರೂ ಕೋಶಗಳನ್ನು ಮರಳಿಸುವ ಮುನ್ನ ಮಜ್ಜೆಯಲ್ಲಿ ಜಾಗ ಮಾಡಲು ಕೀಮೋಥೆರಪಿ ಕೊಡಲೇಬೇಕು. ಅದನ್ನು ತಾಳುವ ದೇಹ ಮತ್ತು ವರ್ಷಗಟ್ಟಲೆ ನಿಗಾ, ಎರಡೂ ಬೇಕು.