ಐವತ್ತು ತುಂಬುವ ತನಕ ನಮ್ಮ ಫಿಯಾಟ್ ಎಲ್ಲಿರಬೇಕು?

ಗೆ,
ಮಾನ್ಯ ಸಾರಿಗೆ ಸಚಿವರು, ಕರ್ನಾಟಕ ಸರ್ಕಾರ,
ಮಾನ್ಯ ಸಾರಿಗೆ ಆಯುಕ್ತರು, ಬೆಂಗಳೂರು,
ಹಾಗೂ ಧಾರವಾಡ ಲೋಕಸಭಾ ಕ್ಷೇತ್ರದ ಮಾನ್ಯ ಸಂಸದರು.

ವಿಷಯ: ಇಪ್ಪತ್ತು ವರ್ಷ ದಾಟಿದ, ಆದರೆ ಸುಸ್ಥಿತಿಯಲ್ಲಿರುವ ಕಾರುಗಳ ನೋಂದಣಿ, ದಾಖಲೆ ಮತ್ತು ಪೆಟ್ರೋಲಿನ ತೊಂದರೆ.

ಮಾನ್ಯರೇ,

ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ವಿಂಟೇಜ್ ವಾಹನಗಳಿಗೆಂದು ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಮೂಲ ರೂಪ ಹಾಗೇ ಉಳಿದಿರಬೇಕು, ₹20,000 ಶುಲ್ಕ ಕಟ್ಟಬೇಕು. ಆಗ ಹತ್ತು ವರ್ಷಕ್ಕೆ ವಿಂಟೇಜ್ ನೋಂದಣಿ ಸಿಗುತ್ತದೆ. ಈಗಾಗಲೇ ನೋಂದಣಿಯಾದ ಕಾರು ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು, ಹೊಸದಾಗಿ ನೋಂದಣಿಯಾಗುವುದಕ್ಕೆ ‘ವಿಎ’ ಅಕ್ಷರಗಳ ನಂಬರು. ಆ ಕಾರನ್ನು ಪ್ರದರ್ಶನಕ್ಕೆ, ರ‍್ಯಾಲಿಗೆ, ತಾಂತ್ರಿಕ ಸಂಶೋಧನೆಗೆ, ಪೆಟ್ರೋಲು ತುಂಬಿಸಲು, ರಿಪೇರಿಗೆ ರಸ್ತೆಗಿಳಿಸಬಹುದು. ದಿನದ ಓಡಾಟಕ್ಕೆ ಬಳಸುವಂತಿಲ್ಲ. ಮನೆಯಲ್ಲಿ ಬೇರೆ ಕಾರು ಇದ್ದು, ಹಳೆಯದನ್ನು ಪ್ರೀತಿಯಿಂದ ಕಾಪಾಡುವವರಿಗೆ ಇದು ಒಳ್ಳೆಯ ನಿಯಮ. ಅದರ ಬಗ್ಗೆ ನನ್ನ ತಕರಾರಿಲ್ಲ. ಆ ನಿಯಮದ ಹೊಸ್ತಿಲ ಹೊರಗೇ ಉಳಿದವರ ಪರವಾಗಿ ಈ ಪತ್ರ ಬರೆಯುತ್ತಿದ್ದೇನೆ.

ಹುಬ್ಬಳ್ಳಿ-ಧಾರವಾಡದಲ್ಲಿ ಹಳೆಯ ಕಾರು ಇಟ್ಟುಕೊಂಡವರು ಯಾರು ಅಂತ ಒಮ್ಮೆ ನೋಡಿ. ನಿವೃತ್ತ ಮೇಷ್ಟ್ರು, ಬ್ಯಾಂಕಿನ ಗುಮಾಸ್ತ, ಸಣ್ಣ ಅಂಗಡಿಯವರು, ಕುಂದಗೋಳದ ಕಡೆಯ ರೈತರು, ಹೊಸ ಕಾರಿನ ಕಂತು ಕಟ್ಟಲು ಮನಸ್ಸಿಲ್ಲದ ಹುಡುಗರು. ಅವರ ಹತ್ತಿರ ಇರುವುದು ಪ್ರೀಮಿಯರ್ ಪದ್ಮಿನಿ, ಅಂಬಾಸಿಡರ್, ಮಾರುತಿ 800. ನಮ್ಮ ಕಡೆ ಪದ್ಮಿನಿಗೆ ಇವತ್ತಿಗೂ ಫಿಯಾಟ್ ಅಂತಲೇ ಹೆಸರು. ಬಹುತೇಕರಿಗೆ ಅದು ಮನೆಯ ಒಂದೇ ಕಾರು. ಮುಂಜಾನೆ ಮಾರ್ಕೆಟ್ಟಿಗೂ ಅದೇ, ರಾತ್ರಿ ದವಾಖಾನೆಗೂ ಅದೇ. ಅದನ್ನು ಪ್ರದರ್ಶನಕ್ಕೆ ಮಾತ್ರ ಹೊರತೆಗೆಯಿರಿ ಎಂದರೆ ಇಟ್ಟುಕೊಂಡು ಏನು ಮಾಡಬೇಕು?

ಇವು ಸಾಧಾರಣ ಕಾರುಗಳೂ ಅಲ್ಲ. ಮುಂಬಯಿಯ ಕುರ್ಲಾದಲ್ಲಿ 1964ರಿಂದ ಫಿಯಾಟ್ 1100 ಡಿಲೈಟ್ ಆಗಿ ಬಂದು, 1974ರಲ್ಲಿ ಪದ್ಮಿನಿ ಎಂದು ಹೆಸರು ಬದಲಿಸಿಕೊಂಡು, ಶತಮಾನದ ಕೊನೆಯವರೆಗೂ ತಯಾರಾದ ಕಾರು ಅದು. 1089 ಸಿಸಿ ಎಂಜಿನ್, ಸ್ಟೇರಿಂಗ್ ಪಕ್ಕದಲ್ಲೇ ಗೇರು, ಮುಂದೆ ಉದ್ದ ಸೀಟು. ಅಂಬಾಸಿಡರ್ ಉತ್ತರಪಾಡಾದ ಕಾರ್ಖಾನೆಯಿಂದ 2014ರ ಮೇವರೆಗೂ ಬರುತ್ತಿತ್ತು. 1983ರ ಡಿಸೆಂಬರಿನಲ್ಲಿ ಶುರುವಾದ ಮಾರುತಿ 800ರ ತಯಾರಿ ನಿಂತದ್ದೂ 2014ರಲ್ಲೇ. ಮಧ್ಯಮ ವರ್ಗದ ಎರಡು ಮೂರು ತಲೆಮಾರು ಕಾರು ಓಡಿಸಲು ಕಲಿತದ್ದು ಈ ಮೂರರಲ್ಲಿ. ಮಹಾರಾಜರ ಕಾರುಗಳಿಗೆ ಸಂಗ್ರಹಾಲಯಗಳಿವೆ. ಜನರ ಕಾರುಗಳನ್ನು ಉಳಿಸುತ್ತಿರುವವರು ಜನರೇ, ಅದೂ ಸ್ವಂತ ಖರ್ಚಿನಲ್ಲಿ.

ಈಗ ಲೆಕ್ಕಕ್ಕೆ ಬರುತ್ತೇನೆ. ಮೋಟಾರು ವಾಹನ ಕಾಯ್ದೆಯ ಪ್ರಕಾರ ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ಪಾಸಿಂಗ್ ಮಾಡಿಸಿ ನವೀಕರಿಸಬೇಕು. 1995ರಲ್ಲಿ ನೋಂದಣಿಯಾದ ಫಿಯಾಟ್‌ನ ಮಾಲೀಕರು 2020ರಲ್ಲಿ ನವೀಕರಣಕ್ಕೆ ಕಟ್ಟಿದ ಶುಲ್ಕ ₹600. 2022ರ ಏಪ್ರಿಲ್ 1ರಿಂದ ಅದು ₹5,000 ಆಯಿತು. 2025ರ ಆಗಸ್ಟಿನ ಅಧಿಸೂಚನೆಯಂತೆ 20 ವರ್ಷ ದಾಟಿದ ಕಾರಿಗೆ ₹10,000. ಅಂದರೆ ಅದೇ ಕಾರು, ಅದೇ ಮಾಲೀಕರು, ನಡುವೆ ಒಂದೇ ನವೀಕರಣದ ಅಂತರ. ಶುಲ್ಕ ಹದಿನಾರು ಪಟ್ಟಿಗಿಂತ ಹೆಚ್ಚು. ಇದರ ಮೇಲೆ ರಾಜ್ಯದ ಹಸಿರು ತೆರಿಗೆ ಬೇರೆ. ಆ ಕಾರಿಗೆ 50 ತುಂಬುವುದು 2045ರಲ್ಲಿ. ಅಲ್ಲಿಯವರೆಗೆ ಬರೀ ನವೀಕರಣದ ಶುಲ್ಕವೇ ₹40,000 ಆಗುತ್ತದೆ, ಮತ್ತೆ ಏರಿಸದಿದ್ದರೆ. ಹಳೆಯ 800 ಒಂದಕ್ಕೆ ನಮ್ಮೂರಲ್ಲಿ ಕೇಳುವ ಬೆಲೆಯೇ ಅದರ ಆಸುಪಾಸಿನದು.

ಹಳೆಯ ಕಾರು ಹೊಗೆ ಉಗುಳುತ್ತದೆ, ಆದ್ದರಿಂದ ಶುಲ್ಕ ಹೆಚ್ಚಿಸಿದ್ದೇವೆ ಎಂಬ ಉತ್ತರ ಬರುತ್ತದೆ ಎಂದು ಗೊತ್ತು. ಹೊಗೆಯ ಬಗ್ಗೆ ನಮಗೂ ಕಾಳಜಿ ಇದೆ. ಧೂಳು, ಹೊಗೆ ಎರಡನ್ನೂ ಕುಡಿದೇ ಹುಬ್ಬಳ್ಳಿಯಲ್ಲಿ ಬದುಕುತ್ತಿದ್ದೇವೆ. ಆದರೆ ಹೊಗೆ ಅಳೆಯುವುದಕ್ಕೆ ಯಂತ್ರವಿದೆ. ಭಾರತ್ ಸ್ಟೇಜ್ 2ಕ್ಕಿಂತ ಹಿಂದಿನ ಪೆಟ್ರೋಲ್ ಕಾರಿಗೆ ಕಾರ್ಬನ್ ಮೊನಾಕ್ಸೈಡ್ ಶೇ 3, ಹೈಡ್ರೋಕಾರ್ಬನ್ 1500 ಪಿಪಿಎಂ ಮೀರಬಾರದು ಎಂದು ನಿಯಮವೇ ಹೇಳುತ್ತದೆ. ಹಳೇ ಹುಬ್ಬಳ್ಳಿಯ ಗ್ಯಾರೇಜೊಂದರಲ್ಲಿ ನಾನು ಕಂಡದ್ದನ್ನು ಬರೆಯುತ್ತೇನೆ. ಮಿಸ್ತ್ರಿ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ ಮೇಲಿಟ್ಟು, ಹಿಡಿಯನ್ನು ಕಿವಿಗೊತ್ತಿ ಸ್ವಲ್ಪ ಹೊತ್ತು ಕೇಳಿದರು. ಟ್ಯಾಪೆಟ್ ಸರಿಪಡಿಸಿದರು, ಡಿಸ್ಟ್ರಿಬ್ಯೂಟರ್ ಪಾಯಿಂಟಿನ ಸಂದನ್ನು ಗೇಜು ಹಾಕಿ ನೋಡಿದರು. ಕೊನೆಗೆ ಕಾರ್ಬುರೇಟರಿನ ಮಿಶ್ರಣದ ಸ್ಕ್ರೂವನ್ನು ಕಾಲು ಸುತ್ತಿನಷ್ಟು ತಿರುಗಿಸಿದರು. ಅಷ್ಟೊತ್ತಿನ ತನಕ ನಾಪಾಸಾಗುತ್ತಿದ್ದ ಅಂಬಾಸಿಡರ್ ಹೊಗೆ ತಪಾಸಣೆಯಲ್ಲಿ ಮಿತಿಯೊಳಗೆ ಬಂತು. ಕಾರಿನ ವಯಸ್ಸು ಆ ಒಂದು ತಾಸಿನಲ್ಲಿ ಕಡಿಮೆಯಾಗಿರಲಿಲ್ಲ. ಕಡಿಮೆಯಾದದ್ದು ನಿರ್ಲಕ್ಷ್ಯ. ಹೀಗೆ ದುಡ್ಡು ಸುರಿದು ಗಾಡಿ ಸರಿ ಇಟ್ಟುಕೊಂಡವರೂ ₹10,000 ಕಟ್ಟಬೇಕು, ಕರಿ ಹೊಗೆ ಬಿಡುತ್ತ ತಿರುಗುವವರೂ ಅಷ್ಟೇ ಕಟ್ಟಬೇಕು. ಇದರಲ್ಲಿ ಗಾಳಿಗೆ ಏನು ಲಾಭ?

ಶುಲ್ಕ ಹೇಗೋ ಹೊಂದಿಸಬಹುದು. ನಮ್ಮನ್ನು ನಿಜವಾಗಿ ಹಣ್ಣು ಮಾಡುತ್ತಿರುವುದು ದಾಖಲೆಯ ತಾಪತ್ರಯ. ಎಷ್ಟೋ ಹಳೆಯ ಕಾರುಗಳ ವಿವರ ಕೈಬರಹದ ರಿಜಿಸ್ಟರಿನಲ್ಲಿದೆ, ‘ವಾಹನ್’ ತಂತ್ರಾಂಶದಲ್ಲಿಲ್ಲ. ‘ಎಂವೈ’, ‘ಸಿಎ’ ಎಂದು ಶುರುವಾಗುವ ನಂಬರಿನ ಗಾಡಿಗಳ ಪಾಡು ಇನ್ನೂ ಕಷ್ಟ. ತಂತ್ರಾಂಶದಲ್ಲಿ ಹೆಸರಿಲ್ಲದ ಕಾರಿಗೆ ನವೀಕರಣವಿಲ್ಲ, ಮಾಲೀಕತ್ವದ ವರ್ಗಾವಣೆಯಿಲ್ಲ. 2023ರ ಆಗಸ್ಟಿನಲ್ಲಿ ರಾಜ್ಯ ಸರ್ಕಾರವೇ ಕಡ್ಡಾಯ ಮಾಡಿ, ಮತ್ತೆ ಮತ್ತೆ ಗಡುವು ಮುಂದೂಡಿದ ಎಚ್‌ಎಸ್‌ಆರ್‌ಪಿ ನಂಬರ್ ಫಲಕ ಬುಕ್ ಮಾಡಲು ಹೋದರೂ ‘ವಿವರ ಹೊಂದಿಕೆಯಾಗುತ್ತಿಲ್ಲ’ ಎಂಬ ಉತ್ತರ. ಮೊದಲು ಬ್ಯಾಕ್‌ಲಾಗ್ ಎಂಟ್ರಿ (ಹಳೆಯ ರಿಜಿಸ್ಟರಿನ ವಿವರವನ್ನು ತಂತ್ರಾಂಶಕ್ಕೆ ಏರಿಸುವುದು) ಮಾಡಿಸಿಕೊಂಡು ಬನ್ನಿ ಎನ್ನುತ್ತಾರೆ.

ನನ್ನ ಫಿಯಾಟ್ ಮೊದಲು ನೋಂದಣಿಯಾದದ್ದು ಬೇರೆ ಜಿಲ್ಲೆಯಲ್ಲಿ. ಅಲ್ಲಿನ ಕಚೇರಿಗೆ ಹೋದರೆ ರಿಜಿಸ್ಟರು ಹಳೆಯ ಕಟ್ಟಡದಲ್ಲಿದೆ ಎಂದರು. ಮುಂದಿನ ಸಲ ರಿಜಿಸ್ಟರು ಸಿಕ್ಕಿದೆ, ನೋಡುವವರು ರಜೆಯಲ್ಲಿದ್ದಾರೆ ಎಂದರು. ಕೊನೆಗೆ ಹಾಳೆ ತೆರೆದಾಗ ಚಾಸಿ ನಂಬರಿನ ಒಂದು ಅಂಕಿಯ ಮೇಲೆ ಮಸಿ ಹರಡಿತ್ತು. ನನ್ನ ಆರ್.ಸಿ. ಬುಕ್ಕಿನಲ್ಲಿ ಅದೇ ಅಂಕಿ ಸ್ಪಷ್ಟವಾಗಿದೆ, ಕಾರಿನ ಲೋಹದ ಮೇಲೂ ಸ್ಪಷ್ಟವಾಗಿ ಕೆತ್ತಿದೆ. ಆದರೂ ಸಹಿ ಹಾಕಲು ಯಾರಿಗೂ ಧೈರ್ಯ ಬರಲಿಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ. ಅಂಥ ಸಂದರ್ಭದಲ್ಲಿ ಏನು ಮಾಡಬೇಕು ಎಂಬ ಲಿಖಿತ ಆದೇಶ ಅವರ ಕೈಯಲ್ಲಿರಲಿಲ್ಲ. ಆದರೆ ನವೀಕರಣ ತಡವಾದರೆ ತಿಂಗಳಿಗೆ ₹500 ಹೆಚ್ಚುವರಿ ಕಟ್ಟಬೇಕು ಎಂಬ ಆದೇಶ ಮಾತ್ರ ಲಿಖಿತವಾಗಿದೆ. ನೋಂದಣಿ ಮುಗಿದ ಗಾಡಿ ರಸ್ತೆಗೆ ತಂದರೆ ಪೊಲೀಸರು ಹಿಡಿಯುತ್ತಾರೆ. ತಡ ಮಾಡಿದ್ದು ಕಚೇರಿ, ದಂಡ ತೆತ್ತಿದ್ದು ನಾನು. ಇದು ನ್ಯಾಯವಲ್ಲ, ಮಾನ್ಯರೇ.

ಈ ಕಾರಣಕ್ಕೇ ಹಳೆಯ ಕಾರು ಕೊಳ್ಳಬೇಕೆಂದು ಕೇಳಿಕೊಂಡು ಬರುವ ಹುಡುಗರಿಗೆ ನಾನು ಒಂದೇ ಮಾತು ಹೇಳುವುದು: ಬಣ್ಣಕ್ಕಿಂತ ಮೊದಲು ಕಾಗದ ನೋಡಿ. ಆಮೇಲೆ ಜೇಬಿನಲ್ಲೊಂದು ಅಯಸ್ಕಾಂತ ಇಟ್ಟುಕೊಂಡು ಹೋಗಿ, ಮಡ್‌ಗಾರ್ಡಿನ ಅಂಚಿಗೆ, ಬಾಗಿಲ ಕೆಳಗೆ ಹಿಡಿಯಿರಿ. ಎಲ್ಲಿ ಅದು ಕಚ್ಚಿಕೊಳ್ಳುವುದಿಲ್ಲವೋ ಅಲ್ಲಿ ತಗಡು ಇಲ್ಲ, ಬರೀ ಪುಟ್ಟಿ. ಚಾಪೆ ಎತ್ತಿ ನೆಲ ನೋಡಿ. ಧಾರವಾಡದ ಮಳೆ ಅಲ್ಲಿಂದಲೇ ತಿನ್ನುತ್ತ ಬಂದಿರುತ್ತದೆ. ಟಿಂಕರಿಂಗ್ ಮತ್ತು ಬಣ್ಣಕ್ಕೆ ತಗಲುವ ದುಡ್ಡು ಕಾರಿನ ಬೆಲೆಯನ್ನೇ ದಾಟಬಹುದು. ಎಂಜಿನ್ನಿಗೆ ಅಷ್ಟು ಹೆದರಬೇಕಿಲ್ಲ, ಬೆಳಗಾವಿ, ಕೊಲ್ಲಾಪುರಗಳ ಲೇತುಗಳಲ್ಲಿ ಇವತ್ತಿಗೂ ಬೋರ್ ಮಾಡಿಕೊಡುವವರಿದ್ದಾರೆ. ಕಿಂಗ್‌ಪಿನ್ ಬುಷ್, ಗೇರ್ ಲಿಂಕೇಜ್, ಬಾಗಿಲ ರಬ್ಬರು ಇಂಥವೇ ಕಾಡುವುದು. ಮೊದಲು ಮುಂಬಯಿಯ ಟ್ಯಾಕ್ಸಿಗಳಿಂದಾಗಿ ಫಿಯಾಟಿನ ಸಾಮಾನು ಹೇರಳವಾಗಿ ಸಿಗುತ್ತಿತ್ತು. ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ಸರಿದ ಮೇಲೆ ಅದೂ ವಿರಳವಾಯಿತು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಬೇಕು, ಸಿಕ್ಕದಿದ್ದರೆ ಮಾಡಿಸಬೇಕು.

ಇನ್ನು ಪೆಟ್ರೋಲು. ಈಗ ಬಂಕುಗಳಲ್ಲಿ ಸಿಗುವುದು ಶೇ 20ರಷ್ಟು ಎಥನಾಲ್ ಬೆರೆತ ಇ20. ಕಬ್ಬು, ಗೋವಿನಜೋಳ ಬೆಳೆಯುವ ನಮ್ಮ ಸೀಮೆಯ ರೈತನಿಗೆ ಎಥನಾಲಿನಿಂದ ಬೆಲೆ ಬರುವುದಾದರೆ ನನಗೆ ಸಂತೋಷವೇ. ಆದರೆ 1990ರ ದಶಕದ ಪೆಟ್ರೋಲ್ ಪಂಪಿನ ಡಯಾಫ್ರಂ, ರಬ್ಬರ್ ನಳಿಗೆ, ಕಾರ್ಬುರೇಟರಿನ ಗ್ಯಾಸ್ಕೆಟ್ ಈ ಇಂಧನಕ್ಕೆಂದು ಮಾಡಿದವಲ್ಲ. ಎಥನಾಲ್ ನೀರನ್ನು ಹೀರುತ್ತದೆ. ವಾರಗಟ್ಟಲೆ ನಿಂತ ಗಾಡಿಯ ಟಾಕಿಯಲ್ಲಿ ತುಕ್ಕು ಹಿಡಿಯುತ್ತದೆ, ಆ ತುಕ್ಕು ಜೆಟ್ಟಿಗೆ ಬಂದು ಕೂರುತ್ತದೆ. ಕೆಲವು ಹಳೆಯ ವಾಹನಗಳಲ್ಲಿ ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಿಸಬೇಕಾಗಬಹುದು ಎಂದು ಪೆಟ್ರೋಲಿಯಂ ಸಚಿವಾಲಯವೇ 2025ರ ಆಗಸ್ಟಿನಲ್ಲಿ ಹೇಳಿದೆ. ಎಥನಾಲ್ ಇಲ್ಲದ ಪೆಟ್ರೋಲಿನ ಆಯ್ಕೆ ಕೊಡಿಸಿ ಎಂಬ ಅರ್ಜಿಯನ್ನು ಸುಪ್ರೀಂ ಕೋರ್ಟು ಅದೇ ವರ್ಷದ ಸೆಪ್ಟೆಂಬರ್ 1ರಂದು ವಜಾ ಮಾಡಿತು. ಹಾಗಾಗಿ ಇದು ಈಗ ಸರ್ಕಾರದ ಕೈಯಲ್ಲೇ ಇರುವ ವಿಷಯ.

ಇಷ್ಟೆಲ್ಲ ಇದ್ದರೂ ಈ ಕಾರುಗಳನ್ನು ಯಾಕೆ ಬಿಡುತ್ತಿಲ್ಲ ಎಂದು ಕೇಳಬಹುದು. ಇವುಗಳನ್ನು ಬಿಚ್ಚಬಹುದು, ಅರ್ಥ ಮಾಡಿಕೊಳ್ಳಬಹುದು, ರಿಪೇರಿ ಮಾಡಬಹುದು. ಒಂದು ಭಾಗ ಕೆಟ್ಟರೆ ಆ ಭಾಗವನ್ನಷ್ಟೇ ಸರಿಪಡಿಸಿದರೆ ಮುಗಿಯಿತು. ಇವುಗಳ ಸುತ್ತ ಮಿಸ್ತ್ರಿ, ಟಿಂಕರ್, ಗಾದಿ ಹೊಲಿಯುವವರು, ಡೈನಮೊ ಕಟ್ಟುವವರು ಬದುಕುತ್ತಿದ್ದಾರೆ. ಗೋಕುಲ ರಸ್ತೆಯ ಹೊಸ ಶೋರೂಮುಗಳಲ್ಲಿ ಅವರ ವಿದ್ಯೆಗೆ ಕೆಲಸವಿಲ್ಲ, ಕಾರ್ಬುರೇಟರ್ ಬಿಚ್ಚಬಲ್ಲ ಹೊಸ ಹುಡುಗರು ಬರುತ್ತಲೂ ಇಲ್ಲ. ಕಾರುಗಳು ಗುಜರಿಗೆ ಹೋದರೆ ಈ ಕಸುಬೂ ಅವುಗಳ ಜೊತೆಗೇ ಹೋಗುತ್ತದೆ.

ರಾಜ್ಯ ಸರ್ಕಾರಕ್ಕೆ ನನ್ನ ಮೊದಲ ಬೇಡಿಕೆ ದಾಖಲೆಯದು. ಪ್ರತಿ ಜಿಲ್ಲೆಯಲ್ಲೂ ಹಳೆಯ ರಿಜಿಸ್ಟರುಗಳನ್ನು ತಂತ್ರಾಂಶಕ್ಕೆ ಏರಿಸುವ ಕೆಲಸಕ್ಕೆ ಒಂದು ಗಡುವು ಹಾಕಿ. ಮೂಲ ಹಾಳೆ ಹರಿದಿದ್ದರೆ, ಮಸಿ ಹರಡಿದ್ದರೆ, ಆರ್.ಸಿ. ಬುಕ್ಕು ಮತ್ತು ಕಾರಿನ ಮೇಲಿನ ಚಾಸಿ ನಂಬರನ್ನು ಮೋಟಾರು ವಾಹನ ನಿರೀಕ್ಷಕರು ಪರಿಶೀಲಿಸಿ ಒಪ್ಪಬಹುದು ಎಂದು ಸುತ್ತೋಲೆ ಹೊರಡಿಸಿ. ಬ್ಯಾಕ್‌ಲಾಗ್ ಅರ್ಜಿ ಕೊಟ್ಟ ದಿನದಿಂದ ಕೆಲಸ ಮುಗಿಯುವ ತನಕ ತಡದ ಶುಲ್ಕ ಹಾಕಬೇಡಿ. ಆ ಅರ್ಜಿಯ ಸ್ವೀಕೃತಿ ತೋರಿಸಿದವರ ಮೇಲೆ ಪೊಲೀಸರು ಪ್ರಕರಣ ಹಾಕದಂತೆ ಆದೇಶಿಸಿ. ಅವಳಿ ನಗರದಲ್ಲಿ ಹೊಗೆ ತಪಾಸಣೆಯನ್ನು ಇನ್ನಷ್ಟು ಬಿಗಿ ಮಾಡಿದರೂ ನಾವು ಸ್ವಾಗತಿಸುತ್ತೇವೆ.

ಸಂಸದರಿಗೆ: ತಾವು ಕೇಂದ್ರ ಸಂಪುಟದಲ್ಲಿದ್ದೀರಿ, ₹10,000ದ ಶುಲ್ಕ ಕೇಂದ್ರದ ನಿಯಮ. ಇಪ್ಪತ್ತರಿಂದ ಐವತ್ತು ವರ್ಷದ ನಡುವಿನ ಕಾರುಗಳಿಗೆ ‘ಕ್ಲಾಸಿಕ್’ ಎಂಬ ಒಂದು ವರ್ಗ ಮಾಡಿಸಿ. ವರ್ಷಕ್ಕೆ ಇಷ್ಟೇ ಕಿಲೋಮೀಟರ್ ಓಡಿಸಬೇಕು ಎಂಬ ಮಿತಿ ಇರಲಿ, ವರ್ಷಕ್ಕೆರಡು ಸಲ ಹೊಗೆ ತಪಾಸಣೆ ಇರಲಿ. ಆದರೆ ತಪಾಸಣೆಯಲ್ಲಿ ಪಾಸಾದವರ ಶುಲ್ಕ ಹಳೆಯ ಮಟ್ಟಕ್ಕೆ ಇಳಿಯಲಿ. ವಿಂಟೇಜ್ ಎಂದು ನೋಂದಣಿಯಾದ ಕಾರಿಗೆ 2022ರಿಂದ ಥರ್ಡ್ ಪಾರ್ಟಿ ವಿಮೆಯಲ್ಲಿ ಅರ್ಧದಷ್ಟು ರಿಯಾಯಿತಿ ಇದೆ. ಕಡಿಮೆ ಓಡುವ ಈ ಕಾರುಗಳಿಗೂ ಅದರ ಒಂದು ಪಾಲು ಸಿಗಲಿ. ಹುಬ್ಬಳ್ಳಿಯಲ್ಲೊಂದು, ಧಾರವಾಡದಲ್ಲೊಂದು ಬಂಕಿನಲ್ಲಾದರೂ ಎಥನಾಲ್ ಕಡಿಮೆ ಇರುವ ಪೆಟ್ರೋಲು ಸಾಮಾನ್ಯ ಬೆಲೆಗೆ ಸಿಗುವಂತೆ ಮಾಡಿ.

ಅವಳಿ ನಗರದ ಹಳೆಯ ಕಾರಿನ ಮಾಲೀಕರಲ್ಲಿ ಒಂದು ವಿನಂತಿ. ತಮ್ಮ ಗಾಡಿಯ ವಿವರ ‘ವಾಹನ್’ನಲ್ಲಿ ಇದೆಯೇ ಎಂದು ಈ ವಾರವೇ ನೋಡಿಕೊಳ್ಳಿ. ಇಲ್ಲದಿದ್ದರೆ ಬ್ಯಾಕ್‌ಲಾಗ್‌ಗೆ ಲಿಖಿತ ಅರ್ಜಿ ಕೊಟ್ಟು, ಸ್ವೀಕೃತಿ ಪಡೆದು, ಅದರ ಪ್ರತಿಯನ್ನು ಸಾರಿಗೆ ಆಯುಕ್ತರಿಗೂ ಕಳಿಸಿ.

ಇಂತಿ,
ಒಬ್ಬ ಫಿಯಾಟ್ ಮಾಲೀಕ
ಹುಬ್ಬಳ್ಳಿ