ಕಲ್ಲಿನ ಟಿಪ್ಪಣಿ, ಕಿಸೆಯ ಟಿಪ್ಪಣಿ

ಹೊಯ್ಸಳರ ಕಾಲದ ಶಿಲ್ಪಿಗಳಿಗೆ ಒಂದು ಸೌಕರ್ಯವಿತ್ತು. ಯಾವ ಟಿಪ್ಪಣಿಯನ್ನು ಎಲ್ಲಿ ಬರೆದಿಡಬೇಕೆಂಬ ಚಿಂತೆ ಅವರಿಗಿರಲಿಲ್ಲ. ಬಳಪದ ಕಲ್ಲು ಮುಂದಿತ್ತು, ಉಳಿ ಕೈಯಲ್ಲಿತ್ತು. ೧೧೧೭ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಮ್ಮ ಹೆಸರುಗಳನ್ನು ಕೊರೆದು ಹೋದರು. ಒಂಬೈನೂರು ವರ್ಷಗಳಾದುವು, ಇಂದಿಗೂ ಓದಬಹುದು. ಯಾರೂ ಪಾಸ್‌ವರ್ಡ್ ಕೇಳುವುದಿಲ್ಲ.

ನನ್ನ ಅವಸ್ಥೆ ಹಾಗಲ್ಲ. ನಾಲ್ಕು ವರ್ಷಗಳ ಹಿಂದೆ ತಂದೆಯವರನ್ನು ಬೇಲೂರು, ಹಳೇಬೀಡುಗಳಿಗೆ ಕರೆದೊಯ್ದಿದ್ದೆ. ಅರಸೀಕೆರೆಯ ಕಡೆಯ ಹಳ್ಳಿಯೊಂದರಲ್ಲಿ ಮೇಷ್ಟರಾಗಿದ್ದವರು ಅವರು. ತಮ್ಮ ಅಜ್ಜಿ ಎತ್ತಿನ ಗಾಡಿ ಕಟ್ಟಿಸಿಕೊಂಡು ಚೈತ್ರದ ತೇರಿಗೆ ಬೇಲೂರಿಗೆ ಹೋಗುತ್ತಿದ್ದುದು, ರಾತ್ರಿ ಯಾರದೋ ಜಗಲಿಯಲ್ಲಿ ತಂಗುತ್ತಿದ್ದುದು, ಬುತ್ತಿಗೆ ಕಟ್ಟುತ್ತಿದ್ದುದು – ದಾರಿಯುದ್ದಕ್ಕೂ ಎಲ್ಲವನ್ನೂ ಹೇಳಿದರು. ನಾನು ಮೊಬೈಲಿನ ಒಂದು ಪುಕ್ಕಟೆ ಆ್ಯಪಿನಲ್ಲಿ ಬರೆದುಕೊಂಡೆ. ಕೆಲವು ಕಾಲದ ಮೇಲೆ ಆ ಆ್ಯಪಿನವರು ಅಂಗಡಿ ಮುಚ್ಚಿದರು. ಎಚ್ಚರಿಕೆಯ ಪತ್ರ ಬಂದಿತ್ತು; ಜಾಹೀರಾತುಗಳ ರಾಶಿಯಲ್ಲಿ ನಾನೇ ಅದನ್ನು ನೋಡಲಿಲ್ಲ. ಈಗ ತಂದೆಯವರಿಗೆ ಎಂಬತ್ತೆರಡು. ನಿನ್ನೆಯದನ್ನು ಮರೆಯುತ್ತಾರೆ, ಹಳೆಯದೂ ಅಂಚಿನಿಂದ ಸವೆಯತೊಡಗಿದೆ.

ಆದುದರಿಂದ ಕಳೆದ ತಿಂಗಳು ಮತ್ತೆ ಹೊರಟೆವು. ಈ ಸಲ ಆ್ಯಪನ್ನು ಆರಿಸಿದ ಮೇಲೆಯೇ ಕಥೆ ಕೇಳುವುದೆಂದು ಮನೆಯಲ್ಲಿ ನಿರ್ಣಯವಾಯಿತು. ವಧುಪರೀಕ್ಷೆಗೂ ಇಷ್ಟು ಚರ್ಚೆ ನಡೆದಿರಲಿಲ್ಲವೆಂದು ನನ್ನಾಕೆಯ ಟೀಕೆ.

ಪರೀಕ್ಷೆ ನಡೆದದ್ದು ಅರಸೀಕೆರೆಯ ಈಶ್ವರ ದೇವಾಲಯದಲ್ಲಿ. ೧೨೨೦ರ ಕಟ್ಟಡ, ನಕ್ಷತ್ರಾಕಾರದ ಮುಖಮಂಟಪ. ೨೦೨೩ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ಯುನೆಸ್ಕೊ ಪಟ್ಟಿಯನ್ನು ಸೇರಿದಾಗ ಇದು ಹೊರಗುಳಿಯಿತು. ಹೀಗಾಗಿ ನಾವು ಹೋದ ದಿನ ಜನಸಂದಣಿಯಿರಲಿಲ್ಲ. ಕುಳಿತು ಯೋಚಿಸಲು ಪ್ರಶಸ್ತವಾದ ಸ್ಥಳ.

ಮೊದಲು ಗೂಗಲ್ ಕೀಪ್. ೨೦೧೩ರಲ್ಲಿ ಬಂದದ್ದು, ಪುಕ್ಕಟೆ, ಹಗುರ, ಮನೆಮಂದಿಯೊಡನೆ ಹಂಚಿಕೊಳ್ಳಲು ಸುಲಭ. ಸಾಮಾನಿನ ಪಟ್ಟಿಗೆ ಇದಕ್ಕಿಂತ ಬೇರೆ ಬೇಡ. ಆದರೆ ಅಜ್ಜಿಯ ತೇರಿನ ಪ್ರಯಾಣವನ್ನು ಅದರ ಪುಟ್ಟ ಚೀಟಿಗಳಲ್ಲಿ ಅಡಕಿದರೆ ಗಾಡಿಯೊಳಗೆ ತೇರನ್ನೇ ತುರುಕಿದಂತೆ. ಎರಡನೆಯದು ಒನ್‌ನೋಟ್. ಪುಸ್ತಕ, ವಿಭಾಗ, ಪುಟಗಳೆಂಬ ಅಚ್ಚುಕಟ್ಟು; ಬೆರಳಿನಿಂದಲೂ ಗೀಚಬಹುದು. ಆದರೆ ಅದರ ಕಡತಗಳು ಅದರದೇ ರೂಪದವು. ನಾಳೆ ಮನೆ ಬದಲಾಯಿಸಬೇಕಾದರೆ ಸಾಮಾನು ಹೊರಕ್ಕೆ ತರುವುದು ಪ್ರಯಾಸ. ಎವರ್‌ನೋಟ್ ಹುಡುಕಾಟದಲ್ಲಿ ಗಟ್ಟಿಗ. ಆದರೆ ೨೦೨೩ರ ಡಿಸೆಂಬರಿನಲ್ಲಿ ಪುಕ್ಕಟೆ ಬಳಕೆದಾರರಿಗೆ ಐವತ್ತೇ ಟಿಪ್ಪಣಿಗಳೆಂಬ ಮಿತಿಯನ್ನು ವಿಧಿಸಿತು. ದುಡ್ಡು ಕೇಳುವುದು ತಪ್ಪಲ್ಲ; ಅಂಗಡಿ ನಡೆಯಬೇಕಲ್ಲ! ಆದರೆ ಬರೆದು ಮುಗಿಯುವಷ್ಟರಲ್ಲಿ ಬಾಡಿಗೆಯ ಕರಾರೇ ಬದಲಾಗಬಹುದೆಂಬುದನ್ನು ನಾವು ತಿಳಿದಿರಬೇಕು.

ಕೊನೆಗೆ ಅಬ್ಸಿಡಿಯನ್. ಅದು ಟಿಪ್ಪಣಿಗಳನ್ನು ಸಾದಾ ಪಠ್ಯದ ಕಡತಗಳಾಗಿ ನಮ್ಮದೇ ಫೋನಿನಲ್ಲಿ ಇಡುತ್ತದೆ. ಆ್ಯಪ್ ನಾಳೆ ಇಲ್ಲವಾದರೂ ಬೇರೆ ಯಾವ ಸಾಧನದಿಂದಲಾದರೂ ಅವುಗಳನ್ನು ತೆರೆಯಬಹುದು. ಹೊಸಬರಿಗೆ ಮೊದಮೊದಲು ತಲೆ ಸುತ್ತುತ್ತದೆ. ಫೋನಿನಿಂದ ಕಂಪ್ಯೂಟರಿಗೆ ಸಾಗಿಸುವ ಏರ್ಪಾಡನ್ನು ನಾವೇ ಮಾಡಿಕೊಳ್ಳಬೇಕು, ಇಲ್ಲವೇ ಅವರ ಸೇವೆಗೆ ಹಣ ತೆರಬೇಕು. ಪ್ರತಿಯೊಂದನ್ನು ತೆಗೆದಿಡದೆ ಫೋನು ಕಳೆದುಕೊಂಡರೆ ಮತ್ತೆ ಅದೇ ಗತಿ.

ಕನ್ನಡಿಗರು ಗಮನಿಸಬೇಕಾದ ಮಾತು ಇನ್ನೊಂದಿದೆ. ಹಿಂದೆ ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ಎಷ್ಟೋ ಬರಹಗಳು, ಆ ಫಾಂಟಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ. ಯುನಿಕೋಡಿನಲ್ಲಿ ಬರೆದದ್ದಕ್ಕೆ ಆ ಅಪಾಯವಿಲ್ಲ. ಬೇಲೂರಿನ ಸಮೀಪದ ಹಲ್ಮಿಡಿಯ ಶಾಸನವನ್ನು ಸುಮಾರು ೪೫೦ರದೆಂದು ವಿದ್ವಾಂಸರು ಹೇಳುತ್ತಾರೆ. ಅದನ್ನು ಇಂದು ಓದಲಾಗುವುದು ಕಲ್ಲು ಗಟ್ಟಿಯಾದ್ದರಿಂದ ಮಾತ್ರವಲ್ಲ, ಆ ಲಿಪಿಯನ್ನು ಬಲ್ಲವರು ಇರುವುದರಿಂದ.

ಆದುದರಿಂದ ವಾಚಕರಿಗೆ ನನ್ನ ವಿಜ್ಞಾಪನೆ ಇಷ್ಟೇ: ಆ್ಯಪ್ ಯಾವುದೇ ಇರಲಿ, ಮೂರು ಪರೀಕ್ಷೆ ಮಾಡಿ. ಇಂಟರ್ನೆಟ್ ನಿಲ್ಲಿಸಿ ಟಿಪ್ಪಣಿಯನ್ನು ತೆರೆಯಿರಿ. ಕನ್ನಡದ ಒಂದು ಪದವನ್ನು ಕೊಟ್ಟು ಹುಡುಕಿಸಿ. ಒಂದು ಟಿಪ್ಪಣಿಯನ್ನು ಹೊರತೆಗೆದು ಬೇರೆ ಕಡೆ ಓದಿ ನೋಡಿ. ಮೂರರಲ್ಲೂ ತೇರ್ಗಡೆಯಾದರೆ ಮಾತ್ರ ಹಿರಿಯರ ಮಾತನ್ನು ಅದರ ಕೈಗೆ ಕೊಡಿ.

ನಾವು ಸಾದಾ ಕಡತವನ್ನೇ ಆರಿಸಿದೆವು. ಬೇಲೂರಿನಿಂದ ಹಳೇಬೀಡಿಗೆ ಹದಿನಾರು ಕಿಲೋಮೀಟರು. ಅಷ್ಟರಲ್ಲಿ ತಂದೆಯವರು ಹೇಳಿದ್ದು ಮೊದಲಿನ ಅರ್ಧದಷ್ಟೂ ಇರಲಿಲ್ಲ. ಮನೆಗೆ ಬಂದು ಅದನ್ನು ದಪ್ಪಕ್ಷರದಲ್ಲಿ ಮುದ್ರಿಸಿ ಓದಿ ಹೇಳಿದೆ. ಬುತ್ತಿಯ ಮಾತು ಬಂದಾಗ ಕೈಯೆತ್ತಿ ತಡೆದರು.

“ರಾಗಿ ರೊಟ್ಟಿಯಲ್ಲಪ್ಪ, ಅಕ್ಕಿ ರೊಟ್ಟಿ. ತೇರಿಗೆ ಹೋಗುವಾಗ ಅಜ್ಜಿ ರಾಗಿ ಕಟ್ಟುತ್ತಿರಲಿಲ್ಲ.”

ಆ ತಿದ್ದುಪಡಿಯನ್ನು ಅವರೇ ಪೆನ್ನಿನಿಂದ ಕಾಗದದ ಅಂಚಿನಲ್ಲಿ ಬರೆದರು. ಅಕ್ಷರ ನಡುಗಿದೆ, ಓದಲು ಬರುತ್ತದೆ.